ಅನ್ನಾ ಮೇರಿ ಮೋಸೆಸ್: ಒಬ್ಬ ರೈತಗೃಹಿಣಿಯ ನೂರೊಂದು ವರ್ಷಗಳ ಪ್ರಕರಣ ಅಧ್ಯಯನ

1940ರ ಅಕ್ಟೋಬರ್ ತಿಂಗಳಿನಲ್ಲಿ ನ್ಯೂಯಾರ್ಕ್ ನಗರದ ಗ್ಯಾಲರಿ ಸೇಂಟ್ ಎಟಿಯೆನ್‌ನಲ್ಲಿ ಒಂದು ಚಿತ್ರಪ್ರದರ್ಶನ ಏರ್ಪಟ್ಟಿತು. ಅದಕ್ಕೆ ಕೊಟ್ಟಿದ್ದ ಹೆಸರು 'ರೈತನ ಹೆಂಡತಿಯೊಬ್ಬಳು ಬರೆದ ಚಿತ್ರಗಳು'. ಚಿತ್ರಗಳನ್ನು ಬರೆದ ಅನ್ನಾ ಮೇರಿ ರಾಬರ್ಟ್‌ಸನ್ ಮೋಸೆಸ್ ಅವರಿಗೆ ಹಿಂದಿನ ತಿಂಗಳಷ್ಟೇ ಎಂಬತ್ತು ತುಂಬಿತ್ತು. ಆ ಶೀರ್ಷಿಕೆಯಲ್ಲಿ ಅವರ ಹೆಸರಿರಲಿಲ್ಲ. ಅವರು ಯಾರ ಮನೆಯಾಕೆ, ಎಂಥ ಮನೆಯಾಕೆ ಎಂಬುದಷ್ಟೇ ಇತ್ತು. ಮುಂದಿನ ಹತ್ತು ವರ್ಷಗಳಲ್ಲಿ ಅವರು ಗ್ರ್ಯಾಂಡ್‌ಮಾ ಮೋಸೆಸ್ ಎಂಬ ಹೆಸರಿನಲ್ಲಿ ಅಮೆರಿಕದ ಮನೆಮಾತಾದರು.

ಅವರ ಬದುಕನ್ನು ಸಾಮಾನ್ಯವಾಗಿ ಎಪ್ಪತ್ತೆಂಟನೆಯ ವಯಸ್ಸಿನಿಂದ ಶುರುಮಾಡಿ ಹೇಳುತ್ತಾರೆ. ಮುಪ್ಪಿನಲ್ಲಿ ಕುಂಚ ಹಿಡಿದು ಕೀರ್ತಿ ಗಳಿಸಿದ ಅಜ್ಜಿಯ ಕಥೆ ಕೇಳಲು ಹಿತವಾಗಿರುತ್ತದೆ. ಆದರೆ ಹಾಗೆ ಹೇಳಿದಾಗ ಅದಕ್ಕೂ ಮೊದಲಿನ ಮುಕ್ಕಾಲು ಶತಮಾನ ಒಂದು ಪೀಠಿಕೆಯಾಗಿ ಕುಗ್ಗಿಹೋಗುತ್ತದೆ. ಹನ್ನೆರಡನೆಯ ವಯಸ್ಸಿನಿಂದ ಪರರ ಮನೆಯಲ್ಲಿ ದುಡಿದು, ಗೇಣಿಯ ಹೊಲದಲ್ಲಿ ಸಂಸಾರ ಹೂಡಿ, ಹತ್ತು ಮಕ್ಕಳನ್ನು ಹೆತ್ತು ಐವರನ್ನು ಮಣ್ಣು ಮಾಡಿ, ಗಂಡನನ್ನೂ ಮಗಳನ್ನೂ ಕಳೆದುಕೊಂಡು, ಮೊಮ್ಮಕ್ಕಳನ್ನು ಸಾಕಿದ ಹೆಣ್ಣಿನ ಬದುಕು ಈ ಅಧ್ಯಯನದ ಮುಖ್ಯ ವಿಷಯ. ಅವರ ಚಿತ್ರಗಳನ್ನು ಇಲ್ಲಿ ಆ ಬದುಕಿನ ಒಂದು ಫಲವೆಂದು ನೋಡಲಾಗಿದೆ. ಅವರು ಕೈಯಾರೆ ಬರೆದು 1952ರಲ್ಲಿ ಪ್ರಕಟಿಸಿದ ಆತ್ಮಕಥೆಯೂ ಇದೇ ದೃಷ್ಟಿಗೆ ಒತ್ತಾಸೆ ಕೊಡುತ್ತದೆ. ಅದರಲ್ಲಿ ಅಡುಗೆಮನೆ, ಕೊಟ್ಟಿಗೆ, ಹಿತ್ತಿಲು, ಬಾಣಂತನ, ನೆರೆಹೊರೆಯವರ ಮಾತೇ ಹೆಚ್ಚು.

ತವರು ಮತ್ತು ಪರರ ಮನೆ

ಅನ್ನಾ ಮೇರಿ ಹುಟ್ಟಿದ್ದು 1860ರ ಸೆಪ್ಟೆಂಬರ್ 7ರಂದು, ನ್ಯೂಯಾರ್ಕ್ ರಾಜ್ಯದ ವಾಷಿಂಗ್ಟನ್ ಕೌಂಟಿಯ ಗ್ರೀನ್‌ವಿಚ್ ಎಂಬ ಊರಿನಲ್ಲಿ. ತಂದೆ ರಸೆಲ್ ಕಿಂಗ್ ರಾಬರ್ಟ್‌ಸನ್ ಬೇಸಾಯದ ಜೊತೆಗೆ ಅಗಸೆ ನಾರಿನ ಗಿರಣಿಯನ್ನೂ ನಡೆಸುತ್ತಿದ್ದರು. ಹತ್ತು ಮಕ್ಕಳಲ್ಲಿ ಈಕೆ ಮೂರನೆಯವರು. ತಂದೆ ಅಗ್ಗದ ಬಿಳಿ ಕಾಗದದ ಹಾಳೆಗಳನ್ನು ತಂದು ಮಕ್ಕಳಿಗೆ ಕೊಡುತ್ತಿದ್ದರು. ಹುಡುಗಿ ದ್ರಾಕ್ಷಿಯ ರಸವನ್ನೋ ಕಾಡುಹಣ್ಣಿನ ರಸವನ್ನೋ ಬಣ್ಣ ಮಾಡಿಕೊಂಡು ಗುಡ್ಡ, ಮರ, ಸೂರ್ಯಾಸ್ತಗಳನ್ನು ಬರೆಯುತ್ತಿದ್ದಳು. ಅಪ್ಪನಿಗೆ ಅದನ್ನು ನೋಡಿ ಸಂತೋಷ. ಅಮ್ಮನಿಗೆ ಮಾತ್ರ ಆ ಹೊತ್ತನ್ನು ಹುಡುಗಿ ಬೇರೆ ಕೆಲಸ ಕಲಿಯುವುದಕ್ಕೆ ಬಳಸಿದರೆ ಒಳ್ಳೆಯದೆಂಬ ಅಭಿಪ್ರಾಯವಿತ್ತು. ಹತ್ತು ಮಕ್ಕಳ ಮನೆಯನ್ನು ತೂಗಿಸುತ್ತಿದ್ದ ತಾಯಿಯ ಆ ಮಾತನ್ನು ತಪ್ಪೆನ್ನಲಾಗದು.

ಹನ್ನೆರಡು ತುಂಬಿದಾಗ ಅನ್ನಾ ಮೇರಿ ಮನೆಗೆಲಸದ ಹುಡುಗಿಯಾಗಿ ಬೇರೆಯವರ ಮನೆ ಸೇರಿದಳು. ಮುಂದಿನ ಹದಿನೈದು ವರ್ಷ ಅದೇ ಬದುಕು. ಆ ಕಾಲದ ಹಳ್ಳಿಗಳಲ್ಲಿ ದೊಡ್ಡ ಸಂಸಾರದ ಹೆಣ್ಣುಮಕ್ಕಳು ಹೀಗೆ ಹೋಗುವುದು ವಾಡಿಕೆಯಾಗಿತ್ತು. ಉಳ್ಳವರ ಮನೆಗೆ ಕೈ ಸಿಗುತ್ತಿತ್ತು, ಹುಡುಗಿಗೆ ಊಟ, ವಸತಿ, ಸ್ವಲ್ಪ ಸಂಬಳದ ಜೊತೆಗೆ ಸಂಸಾರ ನಡೆಸುವ ತರಬೇತಿ ಸಿಗುತ್ತಿತ್ತು. ಶಾಲೆ ಮಾತ್ರ ಬಿಡುವಾದಾಗ, ಬಿಡುವಾದಷ್ಟು. ಅಡುಗೆ, ಬಟ್ಟೆ ಒಗೆತ, ಇಸ್ತ್ರಿ, ರೊಟ್ಟಿ ಬೇಯಿಸುವುದು, ಹಣ್ಣನ್ನು ಸಕ್ಕರೆಯಲ್ಲಿ ಕುದಿಸಿ ವರ್ಷಕ್ಕಾಗುವಷ್ಟು ಎತ್ತಿಡುವುದು, ರೋಗಿಗಳ ಆರೈಕೆ ಇವನ್ನೆಲ್ಲ ಈಕೆ ಹೀಗೆಯೇ ಕಲಿತದ್ದು. ಹಾಗೆ ದುಡಿದ ಒಂದು ಮನೆಯವರು ಗೋಡೆಯ ಮೇಲಿನ ಕ್ಯೂರಿಯರ್ ಅಂಡ್ ಐವ್ಸ್ ಕಂಪನಿಯ ಅಚ್ಚುಚಿತ್ರಗಳನ್ನು ಈ ಹುಡುಗಿ ಕಣ್ಣರಳಿಸಿ ನೋಡುವುದನ್ನು ಗಮನಿಸಿ ಬಣ್ಣದ ಕಡ್ಡಿಗಳನ್ನು ತಂದುಕೊಟ್ಟರು. ಆದರೆ ಆ ಚಟುವಟಿಕೆ ಬೆಳೆಯಲು ಜಾಗವಿರಲಿಲ್ಲ.

ಈ ಹದಿನೈದು ವರ್ಷಗಳನ್ನು ಬರಿಯ ಬಡತನದ ಲೆಕ್ಕದಲ್ಲಿ ಓದುವುದು ನನಗೆ ಸರಿ ಕಾಣುವುದಿಲ್ಲ. ಮದುವೆಗೆ ಮುಂಚೆಯೇ ಈಕೆಯ ಹತ್ತಿರ ಸ್ವಂತ ದುಡಿಮೆಯ ಉಳಿತಾಯವಿತ್ತು. ಮುಂದಿನ ಸಂಸಾರದ ಮೊದಲ ಬಂಡವಾಳ ಅದೇ.

ಗೇಣಿಯ ಹೊಲ, ಸ್ವಂತ ಹಸು

1887ರ ನವೆಂಬರ್‌ನಲ್ಲಿ, ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಅನ್ನಾ ಮೇರಿ ತಾವು ಕೆಲಸಕ್ಕಿದ್ದ ಹೊಲಮನೆಯಲ್ಲೇ ಆಳಾಗಿದ್ದ ಥಾಮಸ್ ಸಾಲ್ಮನ್ ಮೋಸೆಸ್ ಅವರನ್ನು ಮದುವೆಯಾದರು. ಥಾಮಸ್‌ಗೆ ಉತ್ತರ ಕೆರೊಲಿನದಲ್ಲಿ ಕುದುರೆ ಸಾಕಣೆಯ ಉಸ್ತುವಾರಿ ಕೆಲಸ ಗೊತ್ತಾಗಿತ್ತು. ನವದಂಪತಿ ರೈಲು ಹತ್ತಿದ್ದು ಅಲ್ಲಿಗೆಂದೇ. ದಾರಿಯಲ್ಲಿ ವರ್ಜೀನಿಯದ ಸ್ಟಾಂಟನ್‌ನಲ್ಲಿ ತಂಗಿದಾಗ, ಹತ್ತಿರದಲ್ಲೇ ಒಂದು ಹೊಲ ಗೇಣಿಗೆ ಸಿಗುತ್ತದೆಂದೂ ಮುಂದೆ ಹೋಗುವುದು ಬೇಡವೆಂದೂ ಅಲ್ಲಿನವರು ಒತ್ತಾಯಿಸಿದರು. ಇಬ್ಬರೂ ಒಪ್ಪಿ ನಿಂತುಬಿಟ್ಟರು. ಅಲ್ಲಿಂದ ಹದಿನೆಂಟು ವರ್ಷ ಶೆನಂಡೋವಾ ಕಣಿವೆಯೇ ಅವರ ಊರಾಯಿತು.

ಆ ಕಣಿವೆ ಇನ್ನೂ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಗಾಯದಿಂದ ಪೂರ್ತಿ ಚೇತರಿಸಿಕೊಂಡಿರಲಿಲ್ಲ. 1864ರ ಶರತ್ಕಾಲದಲ್ಲಿ ಜನರಲ್ ಶೆರಿಡನ್‌ನ ಉತ್ತರದ ಪಡೆಗಳು ಅಲ್ಲಿನ ಕಣಜ, ಗಿರಣಿ, ಬೆಳೆಗಳನ್ನು ಸಾಲುಸಾಲಾಗಿ ಸುಟ್ಟಿದ್ದವು. ಇಪ್ಪತ್ತಮೂರು ವರ್ಷಗಳ ನಂತರ ಉತ್ತರದಿಂದ ಬಂದ ದಂಪತಿ ಅಲ್ಲಿ ಬೇರು ಬಿಡಬೇಕಾದರೆ ನೆರೆಯವರ ವಿಶ್ವಾಸ ಗಳಿಸಬೇಕಿತ್ತು. ಅದಕ್ಕೆ ಅನ್ನಾ ಮೇರಿಯವರ ಬೆಣ್ಣೆಯೂ ಒಂದು ದಾರಿಯಾಯಿತು.

ಅವರು ತಮ್ಮ ಉಳಿತಾಯದ ಹಣದಿಂದ ಒಂದು ಹಸು ಕೊಂಡರು. ಬೆಣ್ಣೆ ಮಾಡಿ ಮಾರತೊಡಗಿದರು. ಅಂಗಡಿಗೆ ಹೋಗುವಂಥ ಬೆಣ್ಣೆ ಮಾಡುವುದು ಮನೆ ಬಳಕೆಗೆ ಕಡೆದುಕೊಂಡಷ್ಟು ಸುಲಭವಲ್ಲ. ಕೆನೆ ಹದವಾದ ಬಿಸುಪಿನಲ್ಲಿರಬೇಕು. ಹೆಚ್ಚು ತಣ್ಣಗಿದ್ದರೆ ಎಷ್ಟು ಕಡೆದರೂ ಬೆಣ್ಣೆ ಕೂಡುವುದಿಲ್ಲ, ಬೆಚ್ಚಗಾದರೆ ಮೆತ್ತಗಾಗಿ ಹಾಳಾಗುತ್ತದೆ. ಬೆಣ್ಣೆ ಬಂದ ಮೇಲೆ ಮಜ್ಜಿಗೆ ಬಸಿದು, ತಣ್ಣೀರಿನಲ್ಲಿ ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ತೊಳೆದು, ಉಪ್ಪು ಬೆರೆಸಿ, ಮರದ ಸಟ್ಟುಗದಿಂದ ಅದುಮಿ ನೀರಿನಂಶ ತೆಗೆದು ಅಚ್ಚಿಗೆ ಹಾಕಬೇಕು. ಒಳಗೆ ಸ್ವಲ್ಪ ಮಜ್ಜಿಗೆ ಉಳಿದರೂ ಕೆಲವೇ ದಿನಗಳಲ್ಲಿ ಹುಳಿವಾಸನೆ ಹಿಡಿಯುತ್ತದೆ, ಕೊಂಡವರು ಮತ್ತೆ ಬರುವುದಿಲ್ಲ. ಅನ್ನಾ ಮೇರಿಯವರ ಬೆಣ್ಣೆಗೆ ಗಿರಾಕಿಗಳು ನಿಂತರು. ಮುಂದೆ ಅವರು ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಕರಿದು ಚಿಪ್ಸ್ ಮಾಡಿಯೂ ಮಾರಿದರು. ಆ ಭಾಗಕ್ಕೆ ಅದು ಆಗ ಹೊಸ ತಿನಿಸು.

ದುಡಿಮೆಯ ಬಗ್ಗೆ ಅವರ ನಿಲುವು ಆತ್ಮಕಥೆಯಲ್ಲಿ ಸ್ಪಷ್ಟವಾಗಿದೆ. ಗಂಡಹೆಂಡಿರು ಜೋಡಿಯಾಗಿ ಹೂಡಿದ ಮೇಲೆ ಗಂಡನಷ್ಟೇ ತಾನೂ ಎಳೆಯಬೇಕು, ಯಾರೋ ತಂದು ಕೈಗೆ ಹಾಕುವುದನ್ನು ಕಾದು ಕೂರುವುದು ತನ್ನ ಜಾಯಮಾನವಲ್ಲ ಎಂಬ ಅರ್ಥದ ಮಾತನ್ನು ಅವರು ಬರೆದಿದ್ದಾರೆ. ಕಾನೂನು ಕೂಡ ಆ ಹೊತ್ತಿಗೆ ಅವರಂಥವರಿಗೆ ಸ್ವಲ್ಪ ದಾರಿ ಬಿಟ್ಟಿತ್ತು. ವಿವಾಹಿತೆ ತನ್ನ ಹೆಸರಿನಲ್ಲಿ ಪ್ರತ್ಯೇಕ ಆಸ್ತಿ ಹೊಂದಬಹುದೆಂದು ನ್ಯೂಯಾರ್ಕ್ 1848ರಲ್ಲಿಯೂ ವರ್ಜೀನಿಯ 1877ರಲ್ಲಿಯೂ ಶಾಸನ ಮಾಡಿದ್ದವು. ಆದರೆ ಲೆಕ್ಕಪತ್ರಗಳ ಭಾಷೆ ಅಷ್ಟು ಬೇಗ ಬದಲಾಗಲಿಲ್ಲ. 1880ರ ಅಮೆರಿಕದ ಜನಗಣತಿಯಲ್ಲಿ ಇಂಥ ಹೆಂಗಸರ ಉದ್ಯೋಗದ ಕಾಲಮ್ಮಿನಲ್ಲಿ ಬೀಳುತ್ತಿದ್ದದ್ದು 'ಮನೆ ನಡೆಸುವಿಕೆ' ಎಂದು ಮಾತ್ರ. ಹಸು ಕೊಂಡು, ಬೆಣ್ಣೆ ಮಾರಿ, ಗೇಣಿ ಕಟ್ಟಲು ನೆರವಾದ ಹೆಣ್ಣನ್ನು ಉತ್ಪಾದಕಿ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಬೆಳಗಿನಿಂದ ರಾತ್ರಿಯ ತನಕ ಹೊಲ, ಕೊಟ್ಟಿಗೆ ಎಂದು ದುಡಿಯುವ ತಾಯಂದಿರು ಯಾರಾದರೂ ಕೇಳಿದರೆ 'ನಾನೇನೂ ಕೆಲಸಕ್ಕೆ ಹೋಗಲ್ಲಪ್ಪ, ಮನೇಲೇ ಇರ್ತೀನಿ' ಎನ್ನುವುದನ್ನು ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವರ್ಜೀನಿಯದ ವರ್ಷಗಳಲ್ಲೇ ಅವರು ಹತ್ತು ಮಕ್ಕಳನ್ನು ಹೆತ್ತರು. ಐದು ಉಳಿದವು, ಐದು ಹಸುಗೂಸಾಗಿದ್ದಾಗಲೇ ಹೋದವು. ಆ ಸುಂದರ ಕಣಿವೆಯಲ್ಲಿ ಐದು ಪುಟ್ಟ ಸಮಾಧಿಗಳನ್ನು ಬಿಟ್ಟುಬಂದೆನೆಂದು ಅವರು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಅವರ ಬರವಣಿಗೆಯಲ್ಲಿ ಅಳು ಎಲ್ಲಿಯೂ ಇಲ್ಲ. ಆದರೆ ಲೆಕ್ಕ ಮರೆತಿಲ್ಲ. ಹದಿನೆಂಟು ವರ್ಷಗಳಲ್ಲಿ ಹತ್ತು ಬಸಿರು, ಹತ್ತು ಬಾಣಂತನ, ಐದು ಸಾವು, ಇವುಗಳ ನಡುವೆ ದಿನವೂ ಕರೆಯಬೇಕಾದ ಹಸು, ತೊಳೆಯಬೇಕಾದ ಬೆಣ್ಣೆ. ಕುಟುಂಬಕ್ಕೆ ಅರ್ಪಿಸಿಕೊಂಡ ಬದುಕೆಂದು ಸಂತಾಪದ ಪತ್ರಗಳಲ್ಲಿ ಸಲೀಸಾಗಿ ಬರೆಯುತ್ತೇವಲ್ಲ, ಆ ಮಾತಿನ ಒಳಗೆ ಇಷ್ಟು ಸಂಗತಿ ಇರುತ್ತದೆ.

ಮರಳಿ ಬಂದ ನಂತರ

1905ರಲ್ಲಿ ಸಂಸಾರ ಉತ್ತರಕ್ಕೆ ಹಿಂದಿರುಗಿತು. ಅನ್ನಾ ಮೇರಿಯವರಿಗೆ ದಕ್ಷಿಣದ ಕಣಿವೆ ಒಗ್ಗಿಹೋಗಿತ್ತು. ಹುಟ್ಟಿದೂರಿನ ಹಂಬಲ ಇದ್ದದ್ದು ಥಾಮಸ್‌ಗೆ. ಗಂಡನ ಆಸೆಗೆ ಹೆಂಡತಿ ಒಪ್ಪಿದರು. ನ್ಯೂಯಾರ್ಕ್ ರಾಜ್ಯದ ಈಗಲ್ ಬ್ರಿಜ್ ಎಂಬಲ್ಲಿ ಹೈನುಗಾರಿಕೆಯ ಹೊಲವೊಂದನ್ನು ಕೊಂಡು, ಬೈಬಲ್ಲಿನ ಮೋಶೆ ಕಣ್ಮರೆಯಾದ ಬೆಟ್ಟದ ನೆನಪಿಗೆ ಅದನ್ನು 'ಮೌಂಟ್ ನೆಬೋ' ಎಂದು ಕರೆದರು. 1917ರಲ್ಲಿ ನ್ಯೂಯಾರ್ಕ್ ರಾಜ್ಯ ಹೆಣ್ಣುಮಕ್ಕಳಿಗೆ ಮತದ ಹಕ್ಕು ಕೊಟ್ಟಾಗ ಅವರಿಗೆ ಐವತ್ತೇಳು. ಅಂದರೆ, ಸಂಸಾರದ ಭಾರದ ಬಹುಪಾಲನ್ನು ಹೊತ್ತು ಮುಗಿಸಿದ ಮೇಲೆ ಅವರು ಮತದಾರರಾದರು.

ಈ ಹೊಲಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಈ ಪ್ರಕರಣಕ್ಕೆ ಬಹಳ ಮುಖ್ಯವಾದದ್ದು. 1918ರಲ್ಲಿ ಅವರು ಮನೆಯ ನಡುಕೋಣೆಯ ಗೋಡೆಗೆ ಕಾಗದ ಅಂಟಿಸುತ್ತಿದ್ದರು. ಬೆಂಕಿಗೂಡನ್ನು ಮುಚ್ಚುವ ಹಲಗೆಯ ಹೊತ್ತಿಗೆ ಕಾಗದ ಮುಗಿದುಹೋಯಿತು. ಮತ್ತೆ ಪೇಟೆಗೆ ಓಡುವ ಬದಲು, ಹಲಗೆಗೆ ಮನೆಯಲ್ಲಿದ್ದ ಬಿಳಿ ಹಾಳೆ ಹಚ್ಚಿ, ಮಿಕ್ಕಿದ ಬಣ್ಣದಿಂದ ಅದರ ಮೇಲೆ ಮರ, ನೀರುಗಳ ಒಂದು ನೋಟವನ್ನು ಬರೆದುಬಿಟ್ಟರು. ಎರಡು ವರ್ಷದ ಬಳಿಕ ಒಂದು ಹಳೆಯ ಮೇಜಿನ ಬದಿಗಳ ಮೇಲೂ ಹೀಗೆಯೇ ಚಿತ್ರ ಬರೆದರು. ಅವರ ದೊಡ್ಡ ಅಳತೆಯ ಮೊದಲ ಚಿತ್ರ ಹುಟ್ಟಿದ್ದು ಗೋಡೆಯ ಕಾಗದ ಸಾಲದೆ ಹೋದದ್ದರಿಂದ. ಇದ್ದುದರಲ್ಲೇ ತೂಗಿಸುವ ಗೃಹಿಣಿಯ ಬುದ್ಧಿ ಅಲ್ಲಿ ಕೆಲಸ ಮಾಡಿತು. ಆ ಮೇಲೂ ಅವರು ಕಲಾವಿದೆಯಾಗಲಿಲ್ಲ; ಆಗೊಮ್ಮೆ ಈಗೊಮ್ಮೆ ನೆಂಟರಿಗೆ ಒಂದು ಚಿತ್ರ ಬರೆದುಕೊಟ್ಟು ಮತ್ತೆ ಒಲೆಯ ಮುಂದೆ ನಿಂತರು.

1927ರ ಜನವರಿಯಲ್ಲಿ ಥಾಮಸ್ ಹೃದಯಾಘಾತದಿಂದ ತೀರಿಕೊಂಡರು. ಹೊಲವನ್ನು ಮಗ ಹ್ಯೂ ಮತ್ತು ಸೊಸೆ ಡೊರೋಥಿ ನೋಡಿಕೊಂಡರು. ಅರವತ್ತಾರರ ಅತ್ತೆ ಅದೇ ಮನೆಯಲ್ಲಿ ಕೈಲಾದ ಕೆಲಸ ಮಾಡಿಕೊಂಡಿದ್ದರು. 1932ರಲ್ಲಿ, ವರ್ಮಾಂಟ್ ರಾಜ್ಯದ ಬೆನಿಂಗ್ಟನ್‌ನಲ್ಲಿದ್ದ ಮಗಳು ಅನ್ನಾಗೆ ಕ್ಷಯರೋಗ ಕಾಣಿಸಿತು. ಎಪ್ಪತ್ತು ದಾಟಿದ್ದ ತಾಯಿ ಗಂಟು ಕಟ್ಟಿಕೊಂಡು ಅಲ್ಲಿಗೆ ಹೋದರು. ಮಗಳ ಆರೈಕೆಯ ನಡುವೆ, ಉಣ್ಣೆಯ ಎಳೆಯಲ್ಲಿ ಕಸೂತಿ ಮಾಡಿದ ಒಂದು ಚಿತ್ರವನ್ನು ಆ ಮಗಳೇ ತೋರಿಸಿ, ಇಂಥದ್ದೊಂದನ್ನು ಮಾಡಿಕೊಡಮ್ಮ ಎಂದು ಕೇಳಿಕೊಂಡಳು. ಅವರು ಮಾಡಿದರು, ಕೇಳಿದ ಬೇರೆಯವರಿಗೂ ಮಾಡಿಕೊಟ್ಟರು. ಅನ್ನಾ ಉಳಿಯಲಿಲ್ಲ. ತಾಯಿ ಇಲ್ಲದ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತ ಅಜ್ಜಿ ಕೆಲಕಾಲ ಅಲ್ಲೇ ನಿಂತರು.

ಸಂಧಿವಾತದಿಂದ ಬೆರಳು ಸೆಟೆದುಕೊಂಡು ಸೂಜಿ ಹಿಡಿಯುವುದು ಕಷ್ಟವಾದಾಗ, ಬಣ್ಣದಲ್ಲಿ ಬರೆದರೆ ಸುಲಭವಾದೀತೆಂದು ಸಲಹೆ ಕೊಟ್ಟವರು ತಂಗಿ ಸಿಲೆಸ್ಟಿಯಾ. ಅವರ ಕೈಗೆ ಕುಂಚ ಬಂದ ಬಗೆಯನ್ನು ಹೀಗೆ ಹೆಜ್ಜೆಹೆಜ್ಜೆಯಾಗಿ ನೋಡಿದರೆ, ಪ್ರತಿ ತಿರುವಿನಲ್ಲೂ ಮನೆಯ ಒಬ್ಬರು ನಿಂತಿದ್ದಾರೆ: ಕಾಯಿಲೆಯ ಮಗಳು ಕೇಳಿದ್ದು, ತಂಗಿ ಸೂಚಿಸಿದ್ದು, ಸೊಸೆ ಮುಂದೆ ಮಾಡಲಿದ್ದ ಒಂದು ಉಪಕಾರ. ಕುಟುಂಬದ ಹೊಣೆ ಕಳಚಿ ಬಿದ್ದ ಮೇಲೆ ಅವರು ತಮಗಾಗಿ ಬದುಕತೊಡಗಿದರೆಂಬ ಪ್ರಚಲಿತ ವಿವರಣೆ ಈ ಸಂಗತಿಗಳಿಗೆ ಹೊಂದುವುದಿಲ್ಲ. ಹೊಣೆಯ ನಡುವೆಯೇ, ಹೊಣೆಯ ರೂಪದಲ್ಲೇ ಚಿತ್ರ ಬಂದಿತು.

ಒಂಬತ್ತು ಇದ್ದದ್ದು ಹತ್ತಾದದ್ದು

ಬರೆದ ಚಿತ್ರಗಳನ್ನು ಅವರು ತಾವು ಮಾಡಿದ ಹಣ್ಣಿನ ಮುರಬ್ಬ, ಜಾಮ್‌ಗಳ ಜೊತೆಗೆ ಕೌಂಟಿಯ ಕೃಷಿಮೇಳಕ್ಕೆ ಒಯ್ದಿದ್ದರು. ಮುರಬ್ಬಕ್ಕೂ ಜಾಮಿಗೂ ಬಹುಮಾನ ಬಂತು. ಚಿತ್ರಗಳಿಗೆ ಏನೂ ಬರಲಿಲ್ಲ. ಆಮೇಲೆ ಹೂಸಿಕ್ ಫಾಲ್ಸ್ ಪಟ್ಟಣದ ಔಷಧಿ ಅಂಗಡಿಯೊಂದರ ಕಿಟಕಿಯಲ್ಲಿ, ಸುತ್ತಲಿನ ಹೆಂಗಸರು ಮಾಡಿದ ವಸ್ತುಗಳ ನಡುವೆ ಅವು ಧೂಳು ತಿನ್ನುತ್ತಿದ್ದವು. ಬೆಲೆ ಮೂರರಿಂದ ಐದು ಡಾಲರ್, ಅಳತೆಗೆ ತಕ್ಕಂತೆ.

1938ರಲ್ಲಿ ಆ ದಾರಿಯಾಗಿ ಬಂದ ಇಂಜಿನಿಯರ್ ಹಾಗೂ ಕಲಾಸಂಗ್ರಾಹಕ ಲೂಯಿ ಕಾಲ್ಡೋರ್ ಅಂಗಡಿಯಲ್ಲಿದ್ದ ಚಿತ್ರಗಳನ್ನೆಲ್ಲ ಕೊಂಡು, ಮನೆ ಹುಡುಕಿಕೊಂಡು ಹೋದರು. ಅನ್ನಾ ಮೇರಿ ಮನೆಯಲ್ಲಿರಲಿಲ್ಲ. ಅತ್ತೆಯ ಹತ್ತಿರ ಇನ್ನೂ ಹತ್ತು ಚಿತ್ರಗಳಿವೆ ಎಂದು ಸೊಸೆ ಡೊರೋಥಿ ಹೇಳಿಬಿಟ್ಟರು. ನಾಳೆ ಬಂದು ಹತ್ತನ್ನೂ ಒಯ್ಯುವೆನೆಂದು ಹೇಳಿ ಕಾಲ್ಡೋರ್ ಹೋದರು. ಸಂಜೆ ಅತ್ತೆ ಬಂದು ಹುಡುಕಿದರೆ ಸಿಕ್ಕಿದ್ದು ಒಂಬತ್ತೇ. ಸೊಸೆಯ ಮಾತು ಸುಳ್ಳಾಗಬಾರದಲ್ಲ. ಅವರು ವರ್ಜೀನಿಯದ ಒಂದು ದೊಡ್ಡ ಚಿತ್ರವನ್ನು ತೆಗೆದುಕೊಂಡು, ನಡುವೆ ಕತ್ತರಿಸಿ, ಎರಡು ಚೌಕಟ್ಟಿಗೆ ಹಾಕಿ ಹತ್ತನ್ನು ಪೂರೈಸಿದರು. ಬೆಳಗಾದ ಮೇಲೆ ಕಾಲ್ಡೋರ್ ಬಂದು ಹತ್ತನ್ನೂ ಕೊಂಡರು.

ಈ ಘಟನೆಯನ್ನು ನಗುತ್ತ ಹೇಳುವವರೇ ಹೆಚ್ಚು. ನನಗೆ ಇಡೀ ಪ್ರಕರಣದಲ್ಲಿ ಅವರ ಮನಸ್ಸು ಇಷ್ಟು ಸ್ಪಷ್ಟವಾಗಿ ಕಾಣುವ ಗಳಿಗೆ ಇನ್ನೊಂದಿಲ್ಲ. ಮನೆಯವರು ಕೊಟ್ಟ ಮಾತನ್ನು ಉಳಿಸುವುದು ಮೊದಲು, ಬರೆದ ಚಿತ್ರದ ಅಖಂಡತೆ ಆಮೇಲೆ. ಗಿರಾಕಿಗೆ ಹೇಳಿದಷ್ಟು ಸರಕು ಹೇಳಿದ ದಿನಕ್ಕೆ ಸಿದ್ಧವಾಗಿರಬೇಕೆಂಬುದು ವರ್ಜೀನಿಯದಲ್ಲಿ ಬೆಣ್ಣೆ ಮಾರುವಾಗ ಕಲಿತ ಪಾಠ. ಚಿತ್ರ ಬರೆಯದೆ ಇದ್ದಿದ್ದರೆ ಕೋಳಿ ಸಾಕುತ್ತಿದ್ದೆ ಎಂದು ಅವರು ಹೇಳುತ್ತಿದ್ದುದನ್ನೂ ಇದರ ಜೊತೆಗೇ ಓದಬೇಕು. ಅದು ವಿನಯದ ಮಾತಲ್ಲ. ಅವರ ಪಾಲಿಗೆ ಎರಡೂ ಮುದಿವಯಸ್ಸಿನಲ್ಲಿ ಕೈಯನ್ನು ಸುಮ್ಮನೆ ಬಿಡದ, ನಾಲ್ಕು ಕಾಸು ತರುವ, ಮರ್ಯಾದೆಯ ಮನೆಗೆಲಸಗಳೇ ಆಗಿದ್ದವು.

1939ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅಜ್ಞಾತ ಚಿತ್ರಕಾರರ ಒಂದು ಪ್ರದರ್ಶನದಲ್ಲಿ ಅವರ ಮೂರು ಚಿತ್ರಗಳನ್ನು ತನ್ನ ಸದಸ್ಯರಿಗೆ ತೋರಿಸಿತು. ಮರುವರ್ಷದ ಪ್ರದರ್ಶನ ಏರ್ಪಡಿಸಿದ ಆಟೋ ಕಾಲಿರ್, 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡಾಗ ವಿಯೆನ್ನಾ ಬಿಟ್ಟು ಬಂದಿದ್ದವರು. 1940ರ ನವೆಂಬರ್‌ನಲ್ಲಿ ಗಿಂಬಲ್ಸ್ ಎಂಬ ದೊಡ್ಡ ಅಂಗಡಿ ಸುಗ್ಗಿಹಬ್ಬದ ನಿಮಿತ್ತ ಚಿತ್ರಗಳನ್ನು ಮತ್ತೆ ಇಟ್ಟು ಅವರನ್ನು ನಗರಕ್ಕೆ ಕರೆಸಿತು. ಅವರು ತಾವೇ ಮಾಡಿದ ರೊಟ್ಟಿ, ಜಾಮುಗಳನ್ನು ಕಟ್ಟಿಕೊಂಡು ಬಂದರು. ವೇದಿಕೆಯ ಮೇಲೆ ಕಲೆಯ ಬಗ್ಗೆ ಕೇಳಲು ಕಾದಿದ್ದವರಿಗೆ ಜಾಮು ಮಾಡುವ ವಿಧಾನವನ್ನು ವಿವರಿಸಿದರು. ಪತ್ರಿಕೆಗಳಿಗೆ ಇದು ಬಹಳ ಹಿಡಿಸಿತು. ಅಲ್ಲಿಂದಾಚೆಗೆ 'ಅಜ್ಜಿ' ಎಂಬ ಚಿತ್ರಣ ಅವರಿಗೆ ಅಂಟಿಕೊಂಡಿತು. ಅದರಿಂದ ಲಾಭವೂ ಆಯಿತು. ಆದರೆ ಅವರ ಕುಶಲತೆಯ ಬಗೆಗೆ ಗಂಭೀರವಾಗಿ ಮಾತಾಡುವುದನ್ನು ಅದು ಹಲವು ವರ್ಷ ತಡೆಯಿತೆಂದೇ ನನ್ನ ಅಭಿಪ್ರಾಯ.

ಚಿತ್ರಗಳಲ್ಲಿ ಏನಿದೆ

ಅವರು ಮಲಗುವ ಕೋಣೆಯಲ್ಲಿ, 1920ರಲ್ಲಿ ಬದಿಗಳಿಗೆ ಬಣ್ಣ ಬಳಿದಿದ್ದ ಅದೇ ಹಳೆಯ ಮೇಜಿನ ಮುಂದೆ, ಕುರ್ಚಿಯಲ್ಲಿ ದಿಂಬುಗಳ ಮೇಲೆ ಕುಳಿತು, ಹಲಗೆಯನ್ನು ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದರು. ಒತ್ತುಮರದ ಹಲಗೆಗೆ ಮೊದಲು ಅಗಸೆ ಎಣ್ಣೆ, ಆಮೇಲೆ ಬಿಳಿ ಬಣ್ಣದ ಮೂರು ಲೇಪ. ಚಿತ್ರ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು: ಮೊದಲು ಆಕಾಶ, ಆಮೇಲೆ ಬೆಟ್ಟ, ಮರ, ಮನೆ, ಕಡೆಯಲ್ಲಿ ದನಕರು ಮತ್ತು ಜನ. ಒಂದು ಬಣ್ಣ ಕಲಸಿದರೆ ಅದು ವ್ಯರ್ಥವಾಗದಂತೆ ಮೂರು ನಾಲ್ಕು ಹಲಗೆಗಳ ಆಕಾಶವನ್ನು ಒಟ್ಟಿಗೆ ಮುಗಿಸುತ್ತಿದ್ದರು. ಒಲೆ ಹೊತ್ತಿಸಿದ ಮೇಲೆ ಒಂದೇ ಕಾವಿನಲ್ಲಿ ಎರಡು ಮೂರು ಪಾತ್ರೆಗಳನ್ನು ಇಳಿಸುವ ಅಡುಗೆಯವರ ಕ್ರಮ ಇದೇ.

ಚಿತ್ರಗಳ ವಸ್ತುವೂ ಮನೆಗೆಲಸವೇ. ಮೇಪಲ್ ಮರದ ರಸ ಇಳಿಸಿ ಹಿಮದ ನಡುವೆ ಕುದಿಸಿ ಸಕ್ಕರೆ ಮಾಡುವುದು, ಸೇಬಿನ ರಸವನ್ನು ದೊಡ್ಡ ಕಡಾಯಿಯಲ್ಲಿ ಗಟ್ಟಿಯಾಗುವ ತನಕ ಕಾಯಿಸುವುದು, ಬಟ್ಟೆ ಒಗೆಯುವ ದಿನ, ಸೋಪು ಮತ್ತು ಮೇಣದಬತ್ತಿ ಮಾಡುವುದು, ನೆರೆಯ ಹೆಂಗಸರು ಕೂಡಿ ಕೌದಿ ಹೊಲಿಯುವುದು, ಹಬ್ಬಕ್ಕೆ ಟರ್ಕಿ ಕೋಳಿ ಹಿಡಿಯಲು ಹುಡುಗರು ಹಿಮದಲ್ಲಿ ಓಡುವುದು. ಮುಖಗಳು ಒಂದು ಚುಕ್ಕೆ ಎರಡು ಚುಕ್ಕೆಗಳಲ್ಲಿ ಮುಗಿದುಹೋಗುತ್ತವೆ. ಕೈಗಳಲ್ಲಿ ಇರುವ ಕೆಲಸ ಮಾತ್ರ ತಪ್ಪದೆ ಸ್ಪಷ್ಟ. ಯಾರು ಕಟ್ಟಿಗೆ ತರುತ್ತಾರೆ, ಯಾರು ರಸ ಹೊತ್ತು ತರುತ್ತಾರೆ, ಕಡಾಯಿಯನ್ನು ಯಾರು ಕಲಕುತ್ತಾರೆ ಎಂದು ಒಂದೊಂದು ಹಂತವನ್ನೂ ಗುರುತಿಸಬಹುದು. ಮಾಡಿ ಬಲ್ಲವರಿಗಲ್ಲದೆ ಹೊರಗಿನಿಂದ ನೋಡಿದವರಿಗೆ ಈ ಕ್ರಮ ಗೊತ್ತಾಗದು. ಅಮೆರಿಕದ ಕೃಷಿಮನೆಯ ಹೆಂಗಸರ ದುಡಿಮೆಯನ್ನು ಜನಗಣತಿ ಎರಡು ಪದಗಳಲ್ಲಿ ಬರೆದಿತ್ತು. ಅದರ ಪೂರ್ತಿ ಪಟ್ಟಿ ಇರುವುದು ಈ ಹಲಗೆಗಳ ಮೇಲೆ.

ಒಂದು ಆಕ್ಷೇಪವನ್ನೂ ಇಲ್ಲಿ ದಾಖಲಿಸಬೇಕು. ಟ್ರಾಕ್ಟರ್, ತಂತಿಕಂಬಗಳಂಥ ಹೊಸಕಾಲದ ಗುರುತುಗಳನ್ನು ಅವರು ಬೇಕೆಂದೇ ಬಿಟ್ಟರು. ಐದು ಪುಟ್ಟ ಸಮಾಧಿಗಳೂ, ಕ್ಷಯದ ಕೆಮ್ಮೂ ಅವರ ಜನಪ್ರಿಯ ಚಿತ್ರಗಳ ವಸ್ತುವಾಗಲಿಲ್ಲ. ಮಹಾಯುದ್ಧದಿಂದ ದಣಿದಿದ್ದ ದೇಶ ಆ ನೆಮ್ಮದಿಯ ನೋಟವನ್ನು ಹಾರೈಸಿ ಕೊಂಡಿತು. ಹಾಲ್‌ಮಾರ್ಕ್ ಕಂಪನಿಯ ಶುಭಾಶಯ ಪತ್ರಗಳ ಮೂಲಕ ಅದು ಮನೆಮನೆಗೆ ತಲುಪಿತು. ಹಳ್ಳಿಯ ಬದುಕನ್ನು ಅವರು ಅತಿ ಸಿಹಿಯಾಗಿ ತೋರಿಸಿದರೆಂಬ ವಿಮರ್ಶೆಯಲ್ಲಿ ಹುರುಳಿದೆ. ಆದರೆ ದುಃಖವನ್ನು ಮರೆತು ಹೀಗೆ ಬರೆದರೆಂದು ಹೇಳಲಾಗದು, ಏಕೆಂದರೆ ಆತ್ಮಕಥೆಯಲ್ಲಿ ಅದೇ ದುಃಖವನ್ನು ಅವರು ಹೆಸರಿಸಿದ್ದಾರೆ. ಯಾವುದನ್ನು ಗೋಡೆಗೆ ಹಾಕಬೇಕು, ಯಾವುದನ್ನು ಎದೆಯಲ್ಲಿ ಇಟ್ಟುಕೊಳ್ಳಬೇಕು ಎಂಬ ವಿವೇಚನೆ ಅವರದಾಗಿತ್ತು, ಮತ್ತು ಆ ಪೀಳಿಗೆಯ ಬಹುಪಾಲು ಗೃಹಿಣಿಯರದೂ ಆಗಿತ್ತು.

ಕೊನೆಯ ಹನ್ನೆರಡು ವರ್ಷ

1949ರ ಆರಂಭದಲ್ಲಿ ಹೊಲ ನೋಡಿಕೊಳ್ಳುತ್ತಿದ್ದ ಮಗ ಹ್ಯೂ ತೀರಿಕೊಂಡರು. ಅದೇ ಮೇ ತಿಂಗಳಿನಲ್ಲಿ ಮಹಿಳಾ ಪತ್ರಕರ್ತರ ರಾಷ್ಟ್ರೀಯ ಸಂಘದ ಪ್ರಶಸ್ತಿಯನ್ನು ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಕೈಯಿಂದ ಸ್ವೀಕರಿಸಲು ಎಂಬತ್ತೆಂಟರ ತಾಯಿ ವಾಷಿಂಗ್ಟನ್‌ಗೆ ಹೋದರು. ಟ್ರೂಮನ್ ದಂಪತಿ ಚಹಾಕ್ಕೆ ಕರೆದರು, ಅಧ್ಯಕ್ಷರೇ ಪಿಯಾನೋ ನುಡಿಸಿದರು. ಜೀವನಚರಿತ್ರೆಗಳಲ್ಲಿ ಚಹಾದ ವರ್ಣನೆ ಪುಟಗಟ್ಟಲೆ ಸಿಗುತ್ತದೆ. ಮಗನ ಸಾವು ಒಂದು ಸಾಲು. ಒಂದೇ ವರ್ಷದೊಳಗೆ ನಡೆದ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಈ ಬದುಕು ಅರ್ಥವಾಗುವುದಿಲ್ಲ.

1951ರಲ್ಲಿ ಗಂಡುಮಕ್ಕಳು ರಸ್ತೆಯ ಆಚೆ ಮೆಟ್ಟಿಲುಗಳಿಲ್ಲದ, ಒಂದೇ ಅಂತಸ್ತಿನ ಮನೆ ಕಟ್ಟಿಕೊಟ್ಟರು. ಮಗಳು ವಿನೋನಾ ಜೊತೆಗಿದ್ದು ನೋಡಿಕೊಂಡರು. ಐವತ್ತು ವರ್ಷ ಎಲ್ಲರನ್ನೂ ನೋಡಿಕೊಂಡವರಿಗೆ ಹತ್ತು ವರ್ಷ ನೋಡಿಸಿಕೊಳ್ಳುವ ಅವಕಾಶ ಸಿಕ್ಕಿತು. ಅದೂ ಮನೆಯ ಹೆಣ್ಣುಮಗಳಿಂದಲೇ. 1960ರಲ್ಲಿ ನೂರು ತುಂಬಿದ ದಿನವನ್ನು ನ್ಯೂಯಾರ್ಕ್‌ನ ಗವರ್ನರ್ ನೆಲ್ಸನ್ ರಾಕ್‌ಫೆಲರ್ ಅವರ ಹೆಸರಿನ ದಿನವೆಂದು ಘೋಷಿಸಿದರು. ಆ ನಂತರವೂ ಅವರು ಇಪ್ಪತ್ತೈದು ಚಿತ್ರ ಬರೆದರು. 1961ರ ಡಿಸೆಂಬರ್ 13ರಂದು, ನೂರೊಂದನೆಯ ವಯಸ್ಸಿನಲ್ಲಿ, ಹೂಸಿಕ್ ಫಾಲ್ಸ್‌ನಲ್ಲಿ ತೀರಿಕೊಂಡರು. ಒಟ್ಟು ಚಿತ್ರಗಳು ಸಾವಿರದ ಐನೂರಕ್ಕೂ ಹೆಚ್ಚು. ಸಕ್ಕರೆ ಮಾಡುವ ದೃಶ್ಯದ 1943ರ ಒಂದು ಚಿತ್ರ 2006ರಲ್ಲಿ ಹನ್ನೆರಡು ಲಕ್ಷ ಡಾಲರಿಗೆ ಹರಾಜಾಯಿತು.

ಈ ಪ್ರಕರಣದಲ್ಲಿ 'ತ್ಯಾಗ' ಎಂಬ ಪದವನ್ನು ನಾನು ಬಳಸಿಲ್ಲ. ತನ್ನದನ್ನು ಬಿಟ್ಟುಕೊಟ್ಟಳೆಂದು ಆ ಪದ ಹೇಳುತ್ತದೆಯೇ ಹೊರತು, ಏನು ಬಲ್ಲವಳಾಗಿದ್ದಳೆಂಬುದನ್ನು ಹೇಳುವುದಿಲ್ಲ. ಅನ್ನಾ ಮೇರಿ ಬೆಣ್ಣೆಯ ಹದ, ರೋಗಿಯ ಆರೈಕೆ, ಸಾಲದೆ ಹೋದ ಗೋಡೆಯ ಕಾಗದವನ್ನು ತೂಗಿಸುವ ಉಪಾಯ, ಕೊಟ್ಟ ಮಾತಿನ ಲೆಕ್ಕ ಇವನ್ನೆಲ್ಲ ಬಲ್ಲವರಾಗಿದ್ದರು. ಸಂಸಾರವನ್ನು ಅವರು ಪ್ರೀತಿಯಿಂದ ನಡೆಸಿದ್ದು ನಿಜ, ಅಷ್ಟೇ ಬುದ್ಧಿಯಿಂದ ನಡೆಸಿದ್ದೂ ನಿಜ. ಅವರಷ್ಟೇ ಬಲ್ಲವರಾಗಿದ್ದು, ಔಷಧಿ ಅಂಗಡಿಯ ಕಿಟಕಿಯ ಮುಂದೆ ಯಾರೂ ನಿಲ್ಲದೆ ಹೋದ ಹೆಂಗಸರು ಅದೇ ಕೌಂಟಿಯಲ್ಲೇ ಅನೇಕರಿದ್ದಿರಬೇಕು. ಅವರ ಬದುಕನ್ನು ಅಳೆಯಲು ನಮಗೆ ಹರಾಜಿನ ಬೆಲೆಯ ಆಸರೆ ಇಲ್ಲ.

ಮನೆತನದಲ್ಲಿ ಕೆಲಸ ನಿಲ್ಲಲಿಲ್ಲ. ಮಗ ಫಾರೆಸ್ಟ್ ತಾಯಿಯಂತೆಯೇ ವಯಸ್ಸಾದ ಮೇಲೆ ಚಿತ್ರ ಬರೆಯಲು ತೊಡಗಿದರು. ಅವರಿಂದ ಕಲಿತ ಮೊಮ್ಮಗ ವಿಲ್ ಮೋಸೆಸ್, ಅಂದರೆ ಅನ್ನಾ ಮೇರಿಯವರ ಮರಿಮಗ, ಈಗಲ್ ಬ್ರಿಜ್‌ನ ಅದೇ ಮೌಂಟ್ ನೆಬೋ ಹೊಲದಲ್ಲಿ ಚಿತ್ರಕಾರರಾಗಿ ನೆಲೆಸಿದರು.